ಕೊನೆಯಲ್ಲಿ ನಡೆಯುವವನು

ಏಳು ಜನ. ದೆಬಾರ್ಕಿನ ಗೇಟಿನಲ್ಲಿ ಸಹಿ ಹಾಕಿಸಿ
ಎಣಿಸಿ ಕೊಟ್ಟರು ನನಗೆ, ಕುರಿ ಒಪ್ಪಿಸಿದ ಹಾಗೆ.
ಸಂಜೆಗೂ ಏಳೇ ಇರಬೇಕು. ಅಷ್ಟೇ ನನ್ನ ಕೆಲಸ.
ಹೆಗಲಿಗೊಂದು ಬಂದೂಕು, ಅಪ್ಪನ ಕಾಲದ್ದು.
ನಾನದನ್ನು ಒರೆಸುತ್ತೇನೆ, ಅದು ನನ್ನ ಹೆಗಲು ಸವೆಸುತ್ತದೆ.
ನಾವಿಬ್ಬರೂ ಇನ್ನೂ ಯಾರನ್ನೂ ಕೊಂದಿಲ್ಲ.

ಅವರ ಗಡಿಯಾರದಲ್ಲಿ ಒಂಬತ್ತು, ನಮ್ಮದರಲ್ಲಿ ಮೂರು;
ಹೊತ್ತು ಹುಟ್ಟಿದ ಮೇಲೆ ಎಣಿಸುವವರು ನಾವು.
ಆರು ಗಂಟೆಗಳ ಅಂತರ
ಒಂದೇ ವ್ಯಾನಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ
ಬೆಟ್ಟ ಹತ್ತಿತು.

ಉದ್ದ ಮೂತಿಯ ಕ್ಯಾಮೆರಾ ಹಿಡಿದ ಕೊರಿಯಾದ ಹುಡುಗ,
ಬೆಳಗಿನಿಂದ ಮಾತು ಬಿಟ್ಟಿದ್ದ ಪೋಲೆಂಡಿನ ಗಂಡ ಹೆಂಡತಿ,
ಹೊಸ ಬೂಟಿನ ಮೂವರು ಹಲ್ಲಿನ ಡಾಕ್ಟರುಗಳು,
ಮತ್ತೆ ಅಡಿಸ್ ಅಬಾಬಾದ ಎಟೆಟೆ ಬೆಲಾಯ್ನೆಶ್:
ಎಪ್ಪತ್ತೊಂದು ವರ್ಷ, ಪ್ಲಾಸ್ಟಿಕ್ ಚಪ್ಪಲಿ,
ತನ್ನ ದೇಶದ ಬೆಟ್ಟವನ್ನು ಕ್ಯಾಲೆಂಡರಿನಲ್ಲಷ್ಟೇ ಕಂಡವಳು.

ಅಂಚಿಗೆ ಬಂದು ನಿಂತೆವು. ಬೆಟ್ಟ ಇರಲಿಲ್ಲ.
ಮಂಜು.
ನಾಲ್ಕು ಭಾಷೆಯ ಗೈಡ್ ಸೆಬ್ಲೆ ಕೈ ಚಾಚಿ
ಅಲ್ಲಿ ಕಮರಿ, ಅಲ್ಲಿ ಶಿಖರ, ಅದರ ಮಗ್ಗುಲಲ್ಲಿ
ಕೊಂಬು ಬಾಗಿದ ವಾಲಿಯಾ ಮೇಕೆಗಳು ಎಂದಳು.
ಎಲ್ಲರೂ ಬಿಳಿಯನ್ನು ಮರ್ಯಾದೆಯಿಂದ ನೋಡಿದರು.
ಹುಡುಗ ಬಿಳಿಯದ್ದೇ ನಲವತ್ತು ಫೋಟೊ ತೆಗೆದ.
ದಪ್ಪ ಕೊಕ್ಕಿನ ಕಾಗೆಯೊಂದು ಬಂದು
ಡಾಕ್ಟರರ ಬೇಯಿಸಿದ ಮೊಟ್ಟೆ ಎತ್ತಿಕೊಂಡು
ಅದೇ ಬಿಳಿಯೊಳಕ್ಕೆ ಹೋಯಿತು.

ಮೊದಲು ಕೇಳಿಸಿದ್ದು ಸದ್ದು.
ಹುಲ್ಲು ಕೀಳುವ ಚರ್, ಚರ್, ನೂರು ಕೈಗಳ ಅವಸರ.
ಆಮೇಲೆ, ಮಂಜೇ ಕೂದಲು ಬಿಟ್ಟು ಕೂತ ಹಾಗೆ, ಗೆಲಾಡಾಗಳು.
ಎದೆಯ ಮೇಲೆ ಬೋಳು ಕೆಂಪು,
ಅಂಗಿ ಸರಿಸಿ ಗಾಯ ತೋರಿಸಿದಂತೆ.
ಏಳದೆ, ಕೂತಲ್ಲಿಂದಲೇ ಜರುಗುತ್ತ, ತಮ್ಮತಮ್ಮಲ್ಲಿ ಗೊಣಗುತ್ತ
ಸಾವಿನ ಮನೆಯ ಹೆಂಗಸರ ಹಾಗೆ.

ಅವು ಕೂತಿದ್ದು ನಮ್ಮನೆಯ ಅಂಗಳ.
ಸೆಬ್ಲೆ ಹೇಳಲಿಲ್ಲ. ನಾನೂ.
ಕಾಡು ಕಾಡಾಗಿರಲೆಂದು ನಮ್ಮೂರನ್ನು ಕೆಳಗಿಳಿಸಿದರು.
ದುಡ್ಡು ಕೊಟ್ಟರು, ಸುಳ್ಳು ಹೇಳಬಾರದು,
ತಗಡಿನ ಸೂರು, ಕರೆಂಟೂ ಬರುತ್ತದೆ ಆಗಾಗ.
ಬಾರ್ಲಿ ಹೊಲದಿಂದ ಇವನ್ನು ಕವಣೆ ಬೀಸಿ ಅಟ್ಟಿದವನು ನಾನು.
ಈಗ ಇವುಗಳ ಹತ್ತಿರ ಯಾರೂ ಹೋಗದ ಹಾಗೆ ನೋಡಿಕೊಳ್ಳುತ್ತೇನೆ,
ತಿಂಗಳ ಸಂಬಳಕ್ಕೆ.

ಎಟೆಟೆ ಒಂದು ಕಲ್ಲಿನ ಮೇಲೆ ಕೂತಳು,
ಕೂತವಳು ಎದ್ದಳು, ಅದರ ತಗ್ಗಿಗೆ ಅಂಗೈ ಇಟ್ಟಳು.
'ಇದು ಬೀಸುವ ಕಲ್ಲು.'
ಪೇಟೆಯ ಹೆಂಗಸಿಗೆ ಹೇಗೆ ಗೊತ್ತಾಯಿತೋ.
'ಯಾರದು?'
'ಗೆಲಾಡಾಗಳದು' ಎಂದೆ.
ನಕ್ಕಳು. ಆಮೇಲೆ ನಗಲಿಲ್ಲ.

ಚೀಲದಿಂದ ದಾಬೊ ರೊಟ್ಟಿ ತೆಗೆದು ಮುರಿದಳು.
ಮರಿ ಬೆನ್ನಿಗಂಟಿದ ತಾಯಿಯೊಂದು
ಕೈಯಳತೆಯಲ್ಲಿ ತಲೆಯೆತ್ತಿತು.
'ಬೇಡಿ ಎಟೆಟೆ, ಕಾಯಿದೆ ಇದೆ, ಅಭ್ಯಾಸ ಆಗಿಬಿಡುತ್ತೆ.'
'ಅದಕ್ಕಲ್ಲಪ್ಪ, ನಿನಗೆ' ಎಂದಳು.

ತಿಂದೆ. ನಿಂತುಕೊಂಡೇ,
ಬಂದೂಕನ್ನು ಇನ್ನೊಂದು ಹೆಗಲಿಗೆ ದಾಟಿಸಿ.
ಬಾರ್ಲಿಯಲ್ಲ, ಗೋಧಿ. ಮೇಲೆ ಕರಿಜೀರಿಗೆ.

ಮಂಜು ಸರಿಯಿತೇ ಎಂದು ರಾತ್ರಿ ಮಗಳು ಕೇಳಿದಳು.
ಇಲ್ಲ. ಇಳಿಯುವಾಗ ಮಾತ್ರ, ತಿರುವಿನಲ್ಲಿ,
ಪೋಲೆಂಡಿನ ಹೆಂಡತಿ ಕಿಟಕಿಗೆ ಹಣೆ ಒತ್ತಿ 'ಓ' ಅಂದಳು.
ಕೊಂಬು ಕಂಡಿತಂತೆ, ಬರೀ ಕೊಂಬು.
'ಎಲ್ಲಿ?' ಎಂದ ಗಂಡ, ಆ ದಿನದ ಮೊದಲ ಮಾತು.
ತೋರಿಸುವಷ್ಟರಲ್ಲಿ ಇರಲಿಲ್ಲ.
ಆದರೂ ಆ ಬೆರಳು ಬಹಳ ಹೊತ್ತು
ಗಾಜಿನ ಮೇಲೇ ಇತ್ತು, ಅವನೂ ನೋಡುತ್ತಲೇ ಇದ್ದ.

ಗೇಟಿನಲ್ಲಿ ಎಣಿಸಿದೆ. ಏಳು.
ಎಟೆಟೆ ಚಪ್ಪಲಿ ಬಿಚ್ಚಿ ಸಿಮೆಂಟಿಗೆ ಬಡಿದಳು;
ಹಸಿ ಹುಲ್ಲು, ಒಂದಿಷ್ಟು ಕರಿಮಣ್ಣು ಉದುರಿತು.
ಪೊರಕೆ ಹಿಡಿದು ಬಂದ ಹುಡುಗನಿಗೆ ಹೇಳಿದೆ,
ಇವತ್ತು ಬಿಡು, ನಾಳೆ ಗುಡಿಸು.