ಹಳೇ ಸ್ಟೋರ್ ರೂಮು

ಪೊರಕೆ, ಡಬ್ಬ, ಬಣ್ಣ ಹೋದ ಬಸ್ ಬೋರ್ಡು
ಇಡುತ್ತಿದ್ದ ಜಾಗ. ಈಗ ಗೋಡೆಗೆ ಕಂಬಳಿ,
ಗುಂಯ್‌ಗುಡುವ ಟ್ಯೂಬ್‌ಲೈಟು ಕಿತ್ತು ಹಳದಿ ಬಲ್ಬು.
ಫಿನಾಯಿಲ್ ವಾಸನೆ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.
ಬೀಗದ ಕೈ ನನ್ನ ಹತ್ತಿರ.

ಸಂಜೆ ಆರು. ಮೆಜೆಸ್ಟಿಕ್ ತುಂಬ ಹಾರನ್ನು, ಸೀಟಿ,
‘ಯಶವಂತಪುರ ಯಶವಂತಪುರ’—
ಕಿವಿಗೆ ಎರಡೂ ಅಂಗೈ ಒತ್ತಿಕೊಂಡು ಬರುತ್ತಾನೆ
ಜುನೈದ್, ಮೂವತ್ತು ದಾಟಿದವನು.
ನಾನೇ ಹೊಲಿದ ರಾಗಿ ಚೀಲ ತೊಡೆಗೇರಿಸಿ
ಆ ಭಾರಕ್ಕೆ ಕಣ್ಣು ಮುಚ್ಚುತ್ತಾನೆ.

ಮಾತಾಡಿಸಬೇಡಿ ಅಂದಿದ್ದರು ಅವನ ಅಕ್ಕ.
ಮಾತಾಡಿಸಲಿಲ್ಲ. ಆದರೂ ಬೆಚ್ಚಿದ.
ನೋಡಿದರೆ, ನನ್ನ ಬಳೆ.

ಮಾರನೇ ದಿನ ಬಿಚ್ಚಿಟ್ಟು ಹೊರಟೆ.
‘ಮುತ್ತೈದೆ, ಬರಿಗೈಯಾ?’
ಬಾಗಿಲಿಗೆ ಅಡ್ಡ ನಿಂತರು ಅತ್ತೆ.
ಆಯ್ತು ಅಂತ ಅರಿಶಿನದ ದಾರ ಸುತ್ತಿಕೊಂಡೆ.
ದಾರಕ್ಕೆ ಸದ್ದಿಲ್ಲ.