ಅಳಿಸಿದ್ದೂ ಬಂತು

ಕುತೈಸಿಯ ಸೇತುವೆ ಬದಿಯ ನನ್ನಂಗಡಿಗೆ
ಏಟೆರಿ ಬಂದಳು: ಚೀಲದಲ್ಲಿ ಹೇಜಲ್‌ನಟ್, ಲ್ಯಾಪ್‌ಟಾಪ್.
"ಹನ್ನೊಂದು ವರ್ಷದ ಮೇಲ್, ಒಂದೇ ಫೈಲು. ಬಾಯೇ ಬಿಡ್ತಿಲ್ಲ.
ನಾಳೆ ತೆರಿಗೆಯವರಿಗೆ ಬಿಲ್ಲು ತೋರಿಸಬೇಕು, ಗೋಚಾ."

ನಕಲು ಮಾಡಿಕೊಂಡೆ ಮೊದಲು; ಮೂಲಕ್ಕೆ ಕೈಹಚ್ಚಬಾರದು,
ನನಗೆ ಗೊತ್ತಿರುವ ಶಾಸ್ತ್ರ ಅದೊಂದೇ.
ಎಂಟು ಹಂತದ ರಿಪೇರಿ. ಐದನೆಯದರಲ್ಲಿ ನಿಂತೇಬಿಟ್ಟಿತು,
ಕೆಸರಲ್ಲಿ ಕತ್ತೆ.
ಕಾಯಿ ಒಡೆದು ತಿಂದೆವು.

ಸಂಜೆಗೆ ತೆರೆಯಿತು.
ಬಿಲ್ಲು, ಲಾರಿ ಬಾಡಿಗೆ, ಪ್ರಶ್ನೆಚಿಹ್ನೆಗಳಾಗಿಹೋದ ಹೆಸರುಗಳು,
ನಡುನಡುವೆ ಜುರಾಬ್, ಜುರಾಬ್, ಮತ್ತೆ ಜುರಾಬ್.
ತಮ್ಮ. ದ್ರಾಕ್ಷಿತೋಟ ಪಾಲಾದ ವರ್ಷ
ಒಂದೊಂದನ್ನೂ ತಾನೇ ಅಳಿಸಿದ್ದಳಂತೆ.
ರಿಪೇರಿಗೆ ಅದೆಲ್ಲಿ ಗೊತ್ತು?
ಸತ್ತದ್ದು, ಕೊಂದದ್ದು, ಎರಡನ್ನೂ ಎಬ್ಬಿಸುತ್ತದೆ.

"ತೆಗೆದುಬಿಡಲೇ?"
ಸಿಪ್ಪೆಗಳನ್ನು ಅಂಗೈಗೆ ಬಳಿದುಕೊಂಡಳು.
"ಮೊದಲು ಬಿಲ್ಲು ಪ್ರಿಂಟ್ ಹಾಕು" ಎನ್ನುತ್ತಾ
ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.