ಸಾದಾ ನೀಲಿ

ಕೊಳ್ಳುವವರು ನಸುಕಿನಲ್ಲೇ ಬರುತ್ತಾರೆ,
ಬಿಸಿಲೇರಿದರೆ ಅಸಗಾವೊ ಹೂ ಮುದುಡುತ್ತದೆ.
ಇರಿಯಾ ಓಣಿಯ ಕುಂಡಗಳ ಮುಂದೆ
ಕುಕ್ಕರಗಾಲಲ್ಲಿ ಕೂತು ಹಠ ಹಿಡಿಯುತ್ತಾರೆ:
ಆ ಸೀಳಿ ಸೀಳಿ ಜೂಲಾದದ್ದು,
ಹೂವೆಂದೇ ಅನಿಸದ್ದು, ಅದೇ ಬೇಕು.

ಒಕಿಸಾ ಅತ್ತೆ ಬೆಲೆ ಹೇಳುತ್ತಾಳೆ.
ಅದು ಬೀಜ ಕಟ್ಟದೆಂದು ಮಾತ್ರ ಹೇಳುವುದಿಲ್ಲ.
ಅವರೂ ಕೇಳುವುದಿಲ್ಲ.

ಹಿತ್ತಲಲ್ಲಿ ಅದರ ಒಡಹುಟ್ಟುಗಳು,
ಬೇಲಿಯ ಮೇಲೆ ಯಾರೂ ತಿರುಗಿ ನೋಡದ ನೀಲಿ.
ಒಂದೊಂದರ ಬೀಜಕ್ಕೂ ಒಂದೊಂದು ಪೊಟ್ಟಣ.
‘ಬೆರೆಸಬೇಡ. ಮೂವರಲ್ಲಿ ಇಬ್ಬರು
ಏನನ್ನೋ ಬಚ್ಚಿಟ್ಟುಕೊಂಡಿರುತ್ತಾರೆ,
ಒಬ್ಬಳ ಬಳಿ ನಿಜವಾಗಿಯೂ ಏನೂ ಇಲ್ಲ.’
ಮುಖ ನೋಡಿದರೆ ತಿಳಿಯದೇ?
‘ಮುಖ!’ ಎಂದು ನಕ್ಕಳು. ‘ಬಿತ್ತಿ ನೋಡು.’

ಲೆಕ್ಕವೂ ಅಷ್ಟೇನು ನೆಟ್ಟಗಿರುವುದಿಲ್ಲ:
ನಾಲ್ಕಕ್ಕೊಂದು ಎನ್ನುತ್ತಾಳೆ,
ಹೋದ ಸಲ ಇಪ್ಪತ್ತೆರಡಕ್ಕೆ ಮೂರೇ.

ಆ ಚಳಿಗಾಲ ಬೆಂಕಿ ಬಿದ್ದು ಓಣಿಗೆ ಓಣಿಯೇ ಓಡಿತು.
ಗೆನ್‌ರೊಕು ಹಾಸಿಗೆ ಹೊತ್ತ, ಅವನ ಹೆಂಡತಿ ಅಕ್ಕಿ ಪೀಪಾಯಿ.
ಅತ್ತೆ ಕಿಮೊನೊದೊಳಗೆ ಪೊಟ್ಟಣ ತುರುಕಿಕೊಂಡು
ಚಳಿಗೆ ಉಬ್ಬಿದ ಗುಬ್ಬಿಯ ಹಾಗೆ
ಸೇತುವೆಯ ಮೇಲೆ ನಿಂತಿದ್ದಳು.
‘ಬೇಲಿ ಹೂವಿನ ಬೀಜಕ್ಕೆ ಇಷ್ಟೆಲ್ಲ!’
ಗೆನ್‌ರೊಕು ಬೂದಿ ಉಗುಳಿದ.

ಬೇಸಿಗೆಗೆ ಮೊದಲು, ಹೊಸ ಹಲಗೆಯ ವಾಸನೆಯ ನಡುವೆ
ಹದಿಮೂರನೆಯ ಪೊಟ್ಟಣ ಮೊಳೆಯಿತು.
ಒಂದು ಸಸಿಯ ಬೀಜದೆಲೆ ಸುರುಟಿತ್ತು.
ನಾನು ಕೂಗಿಕೊಂಡೆ.

ಅತ್ತೆ ಬಂದಳು, ಬಗ್ಗಿ ನೋಡಿದಳು,
ಸುರುಟಿದ್ದನ್ನು ಮಾರುವ ಸಾಲಿಗೆ ಸರಿಸಿ
ಪಕ್ಕದ ನೆಟ್ಟನೆಯ ಎಲೆಗಳಿಗೆ
ಮೊದಲು ನೀರು ಹನಿಸಿದಳು.